ನಾಲ್ಕನೇ ಮೆಷಿನ್ನಿನ ಹಾಲು

ಜೂನ್ ೩, ಸೋಮವಾರ

ವರ್ಕ್‌ಶಾಪಿನ ವಕೀಲರು ಹೇಳಿದರು, "ನೆನಪಿರೋದನ್ನೆಲ್ಲ ಒಂದು ಕಡೆ ಬರೆದಿಟ್ಕೊಳ್ಳಿ. ಅಲ್ಲಿ ನಿಂತಾಗ ತಡವರಿಸಬಾರದು." ಅದಕ್ಕೇ ಈ ನೋಟ್‌ಬುಕ್. ಯಾರಿಗೂ ತೋರಿಸುವುದಕ್ಕಲ್ಲ. ಬೆಳಿಗ್ಗೆ ಸೈರನ್ ಆಗುವ ಮೊದಲು ಅರ್ಧ ಗಂಟೆ ಬಿಡುವಿರುತ್ತದೆ, ಆಗ ಬರೆಯುತ್ತೇನೆ.

ನಮ್ಮ ವರ್ಕ್‌ಶಾಪಿನಲ್ಲಿ ಹನ್ನೊಂದು ಮೆಷಿನ್. ಕಬ್ಬಿಣ ಕೊರೆಯುವಾಗ ಕಾಯಬಾರದು, ಕೊರೆದ ಮೇಲೆ ತುಕ್ಕು ಹಿಡಿಯಬಾರದು. ಅದಕ್ಕೆ ಪ್ರತಿ ಮೆಷಿನ್ನಿನಲ್ಲೂ ಕೂಲಂಟ್ ಹರಿಯುತ್ತಲೇ ಇರಬೇಕು. ಡ್ರಮ್ಮಿನ ಎಣ್ಣೆಯನ್ನು ನೀರಿಗೆ ಬೆರೆಸಿದರೆ ಬೆಳ್ಳಗಾಗುತ್ತದೆ, ಎಲ್ಲರೂ ಅದನ್ನು ಹಾಲು ಅಂತಲೇ ಕರೆಯುವುದು. ಬೆರೆಸುವವನು ನಾನು, ಹಾಗಾಗಿ ನಾನು ಹಾಲಣ್ಣ. ಹದಿನೆಂಟು ವರ್ಷ ಆಯಿತು. ನನ್ನ ನಿಜವಾದ ಹೆಸರು ಈಗ ಸಂಬಳದ ಚೀಟಿಯಲ್ಲಿ ಮಾತ್ರ ಇದೆ.

ನೂರು ಪಾಲಿಗೆ ಆರು ಪಾಲು ಎಣ್ಣೆ ಇರಬೇಕು. ಬೆರಳು ಅದ್ದಿ ಹೆಬ್ಬೆರಳಿಗೆ ಉಜ್ಜಿದರೆ ನನಗೆ ಗೊತ್ತಾಗಿಬಿಡುತ್ತದೆ. ದಿನಾ ಹನ್ನೊಂದು ತೊಟ್ಟಿಗೂ ಬೆರಳಿಟ್ಟು ರಿಜಿಸ್ಟರಿನಲ್ಲಿ ಆರು ಅಂತ ಬರೆದು ಸಹಿ ಹಾಕುತ್ತೇನೆ.

ಈಗ ಆ ರಿಜಿಸ್ಟರೇ ಕೇಸಿನಲ್ಲಿ ದೊಡ್ಡ ದಾಖಲೆಯಾಗಿದೆ. ಕೇಸು ಹಾಕಿದವಳು ಅರದಕ್ಕ. ಮೆಷಿನ್ನಿನಿಂದ ಬಂದ ಭಾಗಗಳ ಅಂಚಿನ ಮುಳ್ಳನ್ನು ಅರದಿಂದ ಉಜ್ಜಿ ತೆಗೆಯುತ್ತಿದ್ದಳು, ಅದಕ್ಕೆ ಆ ಹೆಸರು. ಎರಡು ವರ್ಷದ ಹಿಂದೆ ಕೈ ಒಡೆದು, ಬಾತು, ಕೆಲಸ ಬಿಡಬೇಕಾಯಿತು. ಕೂಲಂಟಿನಿಂದಲೇ ಹೀಗಾಯಿತು, ಇದನ್ನು ಕೆಲಸದಿಂದ ಬಂದ ಕಾಯಿಲೆ ಅಂತ ಒಪ್ಪಿ ಚಿಕಿತ್ಸೆ ಕೊಡಿಸಿ, ಬೇರೆ ಕೆಲಸ ಕೊಡಿ ಅಂತ ಅರ್ಜಿ ಹಾಕಿದಳು. ರಿಜಿಸ್ಟರಿನಲ್ಲಿ ದಿನವೂ ಆರು ಇತ್ತು, ಆರಿದ್ದರೆ ಚರ್ಮಕ್ಕೆ ಏನೂ ಆಗುವುದಿಲ್ಲವಂತೆ, ಅರ್ಜಿ ಬಿದ್ದುಹೋಯಿತು. ಈಗ ಮೇಲ್ಮನವಿ. ಜುಲೈ ಹನ್ನೊಂದಕ್ಕೆ ಕಾರ್ಮಿಕ ಕಚೇರಿಯಲ್ಲಿ ವಿಚಾರಣೆ. ನಾನು ಸಾಕ್ಷಿ.

ಭಾವ ಹೇಳಿದ್ದು ಇಷ್ಟೇ: "ಬರೆದಿರೋದನ್ನ ಹೇಳು, ಸಾಕು." ವರ್ಕ್‌ಶಾಪು ಅವರದು. ನನ್ನ ಹೆಂಡತಿಯ ಅಣ್ಣ. ಹೇಳುತ್ತೇನೆ, ಅದರಲ್ಲೇನು? ಅರದಕ್ಕನ ಚರ್ಮ ಮೊದಲಿನಿಂದಲೂ ಸೂಕ್ಷ್ಮ. ಬಿಸಿಲಿಗೆ ಹೋದರೂ ಕೆಂಪಾಗುತ್ತಿದ್ದಳು.

ಜೂನ್ ೬, ಗುರುವಾರ

ನಿನ್ನೆ ಎಣ್ಣೆ ಕಂಪನಿಯವನು ಬಂದಿದ್ದ. ಅಳೆಯುವ ಸಾಧನ ಒಂದು ಇದ್ದರೆ ವಿಚಾರಣೆಯಲ್ಲಿ ಚೆನ್ನಾಗಿ ಕಾಣುತ್ತದೆ ಅಂತ ವಕೀಲರು ಹೇಳಿದ್ದರಂತೆ, ಭಾವ ತರಿಸಿದರು. ಗೇಣುದ್ದದ ಕೊಳವೆ. ಒಂದು ತುದಿಯಲ್ಲಿ ಗಾಜು, ಅದರ ಮೇಲೆ ಮುಚ್ಚಳ. ಗಾಜಿನ ಮೇಲೆ ಒಂದು ಹನಿ ಹಾಕಿ, ಮುಚ್ಚಿ, ಬೆಳಕಿಗೆ ಹಿಡಿದು ನೋಡಬೇಕು. ಮೇಲೆ ನೀಲಿ, ಕೆಳಗೆ ಬಿಳಿ. ನಡುವಿನ ಗೆರೆ ಯಾವ ಅಂಕಿಯ ಮೇಲಿದೆಯೋ ಅದೇ ಗಟ್ಟಿತನ.

ಬರೀ ನೀರು ಹಾಕಿ ನೋಡಿದೆ, ಸೊನ್ನೆ. ನಾಲ್ಕನೇ ಮೆಷಿನ್ನಿನ ಹನಿ ಹಾಕಿ ನೋಡಿದೆ, ಹದಿಮೂರು.

"ಇದು ಕೆಟ್ಟಿದೆ," ಅಂದೆ.

ಅವನು ಗಾಜು ಒರೆಸಿ, ಮತ್ತೆ ನೀರು ಹಾಕಿ ಸೊನ್ನೆ ತೋರಿಸಿ, ಮತ್ತೆ ನಾಲ್ಕರ ಹನಿ ಹಾಕಿದ. ಹದಿಮೂರು.

"ಸ್ವಲ್ಪ ಗಟ್ಟಿಯಾಗಿ ಕಲಸ್ತೀರಲ್ವಾ ಸರ್," ಅಂದ. ಭಾವ ನಕ್ಕು, "ನಮ್ಮ ಹಾಲಣ್ಣ ನೀರು ಬೆರೆಸೋ ಪೈಕಿ ಅಲ್ಲಪ್ಪಾ," ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ರಿಜಿಸ್ಟರಿನಲ್ಲಿ ಆರು ಅಂತ ಬರೆದೆ.

ಜೂನ್ ೭, ಶುಕ್ರವಾರ

ಇವತ್ತು ಯಾರೂ ಬರುವ ಮೊದಲು ಮೇಲಿನ ಮನೆಯಿಂದ ಇಳಿದು ಹೋಗಿ ಹನ್ನೊಂದನ್ನೂ ಅಳೆದೆ. ೯, ೮, ೧೦, ೧೩, ೧೧, ೯, ೬, ೧೨, ೧೦, ೮, ೧೧. ಏಳನೆಯದು ಮಾತ್ರ ಆರು. ಅದರ ತೊಟ್ಟಿ ಸೋರುತ್ತದೆ ಅಂತ ಅಲ್ಲಿಯವರು ದಿನಾ ನೀರು ಸುರಿಯುತ್ತಾರೆ.

ಬಿಸಿಗೆ ನೀರು ಆವಿಯಾಗಿ ಹೋಗುತ್ತದೆ, ಎಣ್ಣೆ ಉಳಿಯುತ್ತದೆ. ತೊಟ್ಟಿ ಇಳಿದಾಗ ನಾನು ಮತ್ತೆ ಗಟ್ಟಿ ಹಾಲನ್ನೇ ಸುರಿದರೆ ಏರುತ್ತಲೇ ಹೋಗುತ್ತದೆ. ತೆಳ್ಳಗೆ ಬೆರೆಸಿ ಸುರಿಯಬೇಕಿತ್ತು. ಕಂಪನಿಯವನು ಎರಡೇ ಮಾತಿನಲ್ಲಿ ಹೇಳಿದ. ಹದಿನೆಂಟು ವರ್ಷದಲ್ಲಿ ನನಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ನಾನೂ ಕೇಳಿರಲಿಲ್ಲ.

ಆದರೆ ಸುಮ್ಮನೆ ಗಟ್ಟಿ ಮಾಡಿದವನಲ್ಲ ನಾನು. ಸೇರಿದ ಮೊದಲ ವರ್ಷ ತೆಳ್ಳಗಾಗಿ ಒಂದು ಗಾಡಿ ಸರಕು ತುಕ್ಕು ಹಿಡಿದು ವಾಪಸ್ ಬಂತು. ಭಾವ ಅವತ್ತು ಎಲ್ಲರ ಮುಂದೆ ನನ್ನ ಮಾನ ಹರಾಜು ಹಾಕಿದರು. ಅಂದಿನಿಂದ ಒಂದು ಮಗ್ಗು ಹೆಚ್ಚೇ ಹಾಕುತ್ತಾ ಬಂದೆ. ನನ್ನ ಜಾಗದಲ್ಲಿ ಯಾರಿದ್ದರೂ ಹಾಕುತ್ತಿದ್ದರು.

ಜೂನ್ ೯, ಭಾನುವಾರ

ನಾವಿರುವುದು ವರ್ಕ್‌ಶಾಪಿನ ಮೇಲೆಯೇ, ಎರಡು ಕೋಣೆ. ಕಬ್ಬಿಣದ ಮೆಟ್ಟಿಲು ಇಳಿದರೆ ಕೆಲಸ, ಹತ್ತಿದರೆ ಮನೆ. ವಾರದ ದಿನ ಅಡುಗೆಮನೆಯ ಡಬ್ಬಿಗಳೆಲ್ಲ ಸಣ್ಣಗೆ ನಡುಗುತ್ತಿರುತ್ತವೆ. ಒಂದೇ ಕಿಟಕಿ, ಅದೂ ಒಳಗೆ ಮೆಷಿನ್‌ಗಳ ಕಡೆಗೆ ತೆರೆಯುತ್ತದೆ. ಭಾನುವಾರ ಸದ್ದು ಇರುವುದಿಲ್ಲ, ವಾಸನೆ ಇರುತ್ತದೆ.

ಭಾವನ ಬಗ್ಗೆ ಕೆಟ್ಟದ್ದು ಬರೆಯಲು ಕೈ ಬರುವುದಿಲ್ಲ. ತಂದೆ ಹೋದ ಮೇಲೆ ನನ್ನ ಹೆಂಡತಿಯನ್ನು ಸಾಕಿ ಓದಿಸಿದವರು. ನನ್ನ ಸ್ವಂತ ಅಂಗಡಿ ಮುಳುಗಿದಾಗ ಈ ಕೋಣೆಗಳನ್ನು ಕೊಟ್ಟವರು. ಅವಳಿಗೆ ಆಪರೇಷನ್ ಆದಾಗ ಹತ್ತು ದಿನ ಆಸ್ಪತ್ರೆಯ ಬೆಂಚಿನ ಮೇಲೆ ನನ್ನ ಪಕ್ಕದಲ್ಲೇ ಕೂತಿದ್ದರು. ಅವರಿಗೆ ನಾನು ಏನು ಹೇಳಲಿ? ನಿಮ್ಮ ರಿಜಿಸ್ಟರು ಸುಳ್ಳು ಅನ್ನಲೇ? ಬರೆದವನು ನಾನೇ ಅಲ್ಲವೇ?

ಜೂನ್ ೧೨, ಬುಧವಾರ

ಅರದಕ್ಕ ಕೂರುತ್ತಿದ್ದ ಬೆಂಚು ನಾಲ್ಕನೇ ಮೆಷಿನ್ನಿಗೆ ತಾಗಿಕೊಂಡೇ ಇದೆ. ಇಷ್ಟು ವರ್ಷ ಅದರ ಪಕ್ಕ ಬಕೆಟ್ ಹಿಡಿದು ಓಡಾಡಿದ್ದೇನೆ, ನಿನ್ನೆಯೇ ಕಂಡಿದ್ದು. ನಾಲ್ಕರಿಂದ ಬಿದ್ದ ಭಾಗಗಳು ಹಾಲು ಸೋರುತ್ತಲೇ ಅವಳ ತಟ್ಟೆಗೆ ಬರುತ್ತಿದ್ದವು. ಬರಿಗೈಯಲ್ಲಿ ಎತ್ತಿ ಉಜ್ಜುತ್ತಿದ್ದಳು. ಕೈಗವಸು ಹಾಕಿದರೆ ಮುಳ್ಳು ಸಿಗುವುದಿಲ್ಲ ಅನ್ನುತ್ತಿದ್ದಳು.

ಒಂದು ಸಲ ಅವಳು, "ಹಾಲಣ್ಣಾ, ನಾಲ್ಕರ ಹಾಲು ಯಾಕೋ ಉರಿಯುತ್ತೆ ಕಣ್ರೀ," ಅಂದಿದ್ದಳು.

"ಆರಿಸ್ಕೊಂಡು ಕುಡಿಯಕ್ಕಾ," ಅಂದೆ.

ಇಡೀ ವರ್ಕ್‌ಶಾಪು ವಾರಗಟ್ಟಲೆ ಆ ಮಾತು ಹೇಳಿಕೊಂಡು ನಕ್ಕಿತು. ಅವಳೂ ನಕ್ಕಿದ್ದಳು. ಆಮೇಲೆ ಉರಿಯುತ್ತದೆ ಅಂತ ಮತ್ತೆ ಹೇಳಲಿಲ್ಲ.

ವಕೀಲರು ನೆನಪಿರುವುದನ್ನೆಲ್ಲ ಬರೆಯಿರಿ ಅಂದಿದ್ದರಲ್ಲ, ಬರೆದಿದ್ದೇನೆ.

ಜೂನ್ ೧೪, ಶುಕ್ರವಾರ

ಎರಡು ದಿನದಿಂದ ತೆಳ್ಳಗೆ ಬೆರೆಸಿ ಸುರಿಯುತ್ತಿದ್ದೇನೆ. ನಾಲ್ಕು ಈಗ ಒಂಬತ್ತಕ್ಕೆ ಇಳಿದಿದೆ. ಒಂದೇ ಸಲ ಇಳಿಸಬಾರದು. ಹಳೆಯದನ್ನು ಸ್ವಲ್ಪ ತೆಗೆದು, ಮೇಲೆ ತೇಲುವ ಮೆಷಿನ್ನಿನ ಎಣ್ಣೆಯನ್ನು ಬಳಿದು ಹಾಕಿ, ಆಮೇಲೆ ಹೊಸತು. ಬೆರೆಸುವಾಗ ಮೊದಲು ನೀರು, ಆಮೇಲೆ ಎಣ್ಣೆ. ತಿರುಗಾಮುರುಗಾ ಆದರೆ ಮೊಸರಿನ ಹಾಗೆ ಒಡೆಯುತ್ತದೆ. ಸಣ್ಣ ಕೆಲಸ ಅಲ್ಲ ಇದು.

ಜೂನ್ ೧೮, ಮಂಗಳವಾರ

ನಾಲ್ಕನೇ ಮೆಷಿನ್ ಓಡಿಸುವವನು ಹತ್ತಿರ ಬಂದು ಬೆರಳು ಅಗಲಿಸಿ ತೋರಿಸಿದ. ಸಂದಿಯ ಕೆಂಪು ಆರುತ್ತಾ ಬಂದಿದೆ. "ಎಣ್ಣೆ ಬದಲಾಯಿಸಿದ್ರಾ? ಮೂರು ವರ್ಷದಿಂದ ತುರಿಕೆ. ಈ ವಾರ ಕಮ್ಮಿ."

"ಮೂರು ವರ್ಷದಿಂದ ಬಾಯಿ ಬಿಡಲಿಲ್ವಲ್ಲೋ!"

"ಹೇಳಿದ್ರೆ ಆರಿಸ್ಕೊಂಡು ಕುಡಿ ಅಂತಿದ್ರಿ."

ತಮಾಷೆಗೇ ಅಂದದ್ದು. ನನಗೆ ಎರಡು ಗಂಟೆ ಯಾವ ಕೆಲಸವೂ ಓಡಲಿಲ್ಲ.

ಜೂನ್ ೨೦, ಗುರುವಾರ

ನಿನ್ನೆ ವಕೀಲರ ಕಚೇರಿಯಲ್ಲಿ ತಾಲೀಮು. ಅವರೇ ಅಧಿಕಾರಿಯ ಹಾಗೆ ಪ್ರಶ್ನೆ ಕೇಳಿದರು.

"ಪ್ರತಿದಿನ ಅಳೀತಿದ್ರಾ?"

"ಪ್ರತಿದಿನ ಬರೀತಿದ್ದೆ."

"ಅದಲ್ಲ. ಅಳೀತಿದ್ರಾ ಅಂದ್ರೆ ಹೌದು ಅನ್ನಿ. ಒಂದೇ ಮಾತು. ಉದ್ದ ಮಾಡಿದಷ್ಟೂ ಸಿಕ್ಕಿಹಾಕ್ಕೋತೀರಿ."

ಹತ್ತು ಸಲ ಕೇಳಿದರು. ಹತ್ತು ಸಲವೂ ಹೌದು ಅಂದೆ. ಒಂಬತ್ತನೆಯ ಸಲಕ್ಕೆ ಚೆನ್ನಾಗಿ ಬಂತಂತೆ.

ಬೆರಳಿಟ್ಟು ನೋಡುವುದೂ ಒಂದು ಥರದ ಅಳತೆಯೇ ತಾನೆ.

ಜೂನ್ ೨೧, ಶುಕ್ರವಾರ

ಅಳತೆ ಅಲ್ಲ.

ಜೂನ್ ೨೬, ಬುಧವಾರ

ಮೊನ್ನೆ ರಿಜಿಸ್ಟರಿನಲ್ಲಿ ಕಂಡದ್ದನ್ನೇ ಬರೆದೆ. ಐದನೆಯದು ಒಂಬತ್ತು, ಎಂಟನೆಯದು ಹತ್ತು. ಕೊಳವೆ ಕೈಯಲ್ಲಿತ್ತು, ಅಂಕಿ ಕಣ್ಣ ಮುಂದಿತ್ತು, ಕೈ ಅದನ್ನೇ ಬರೆದುಬಿಟ್ಟಿತು.

ನಿನ್ನೆ ಭಾವ ಕರೆದರು. ಕೂಗಾಡಿದರೆ ಚೆನ್ನಾಗಿತ್ತು. ಕುರ್ಚಿ ಎಳೆದು ಕೂರಿಸಿದರು.

"ಇಷ್ಟು ವರ್ಷ ಆರು. ವಿಚಾರಣೆಗೆ ಹದಿನೈದು ದಿನ ಇದೆ ಅನ್ನುವಾಗ ಒಂಬತ್ತು, ಹತ್ತು. ನೋಡಿದವರು ಏನಂದ್ಕೋತಾರೆ?"

"ಇಳಿಸ್ತಾ ಇದ್ದೀನಿ ಭಾವ. ಇನ್ನೊಂದು ವಾರದಲ್ಲಿ ಎಲ್ಲ ಆರಕ್ಕೆ ಬರುತ್ತೆ."

"ಹಾಗಾದ್ರೆ ಈಗಲೇ ಆರು ಅಂತ ಬರಿ. ಒಂದು ವಾರ ಮುಂಚೆ ಬರೆದ ಹಾಗಾಯ್ತು ಅಷ್ಟೆ." ಆಮೇಲೆ ಮೆಲ್ಲಗೆ, "ಈ ಕೇಸು ಹೋದ್ರೆ ಇನ್ನೂ ನಾಲ್ಕು ಜನ ಕೈ ತೋರಿಸ್ಕೊಂಡು ಬರ್ತಾರೆ. ವರ್ಕ್‌ಶಾಪ್ ಮುಚ್ಚಬೇಕಾಗುತ್ತೆ. ಮೂವತ್ತು ಜನರ ಊಟ ಇದು. ನಿನ್ನ ತಂಗೀದೂ ಇದ್ರಲ್ಲೇ ಇದೆ," ಅಂದರು. ಗಾಬರಿಯಲ್ಲಿ 'ನನ್ನ ತಂಗಿ' ಅನ್ನುವುದಕ್ಕೆ ನಿನ್ನ ತಂಗಿ ಅಂದರು. ಇಬ್ಬರೂ ಸರಿಮಾಡಲಿಲ್ಲ.

ಹಾಳೆ ಹರಿದು ಹೊಸ ಹಾಳೆಯಲ್ಲಿ ಹನ್ನೊಂದು ಆರು ಬರೆದೆ. ಅಕ್ಷರ ದುಂಡಗೆ ಬಂದಿತ್ತು.

ಜೂನ್ ೨೯, ಶನಿವಾರ

ಹೋಗಬಾರದಿತ್ತು, ಹೋದೆ. ಅರದಕ್ಕ ಈಗ ಬಸ್ ನಿಲ್ದಾಣದ ಸೈಕಲ್ ಸ್ಟ್ಯಾಂಡಿನಲ್ಲಿ ಚೀಟಿ ಕೊಡುತ್ತಾಳೆ ಅಂತ ಯಾರೋ ಹೇಳಿದ್ದರು. ನಿನ್ನೆ ಮಧ್ಯಾಹ್ನ ಬೋಲ್ಟ್ ತರುವ ನೆಪದಲ್ಲಿ ಹೊರಟೆ.

ತಗಡಿನ ಗೂಡಿನಲ್ಲಿ ಕೂತಿದ್ದಳು. ಎರಡೂ ಕೈಗೆ ಬಿಳಿ ಬಟ್ಟೆಯ ಕೈಗವಸು. ನನ್ನನ್ನು ನೋಡಿ ಮೊದಲು ಮುಖ ಗಂಟು ಹಾಕಿದಳು, ಆಮೇಲೆ ಅವಳೇ, "ಏನ್ ಹಾಲಣ್ಣಾ, ಸೈಕಲ್ ತಗೊಂಡ್ರಾ?" ಅಂದಳು.

ಅಷ್ಟರಲ್ಲಿ ಒಬ್ಬರು ಸೈಕಲ್ ತಂದರು. ಕಟ್ಟಿನಿಂದ ಚೀಟಿ ಹರಿಯಲು ಬೆರಳು ಬಗ್ಗಲಿಲ್ಲ. ಕಟ್ಟನ್ನು ಮೊಣಕೈಯಿಂದ ಒತ್ತಿ ಹಿಡಿದು, ತಲೆ ಬಗ್ಗಿಸಿ, ಹಲ್ಲಿನಿಂದ ಹರಿದು ಕೊಟ್ಟಳು. ಅವರಿಗೆ ಅಭ್ಯಾಸವಾಗಿದೆ, ತೆಗೆದುಕೊಂಡು ಹೋದರು.

"ಬಂದಿದ್ದು ಯಾಕೆ?" ಅಂದಳು.

ನಾನು ಸೈಕಲ್ಲುಗಳ ಕಡೆ ನೋಡಿದೆ. ಅವಳೇ ಮುಂದುವರಿಸಿದಳು: "ಸಾಕ್ಷಿ ಹೇಳ್ತೀರಂತೆ. ಹೇಳಿ. ನಿಮ್ಮ ಮೇಲೆ ಸಿಟ್ಟಿಲ್ಲ. ನೀವು ಬರೆದಿರೋದನ್ನೇ ತಾನೆ ಹೇಳೋದು. ಮೊದಲು ನಾನೂ ಜಗಳ ಆಡಿದೆ. ಆಮೇಲೆ ಅಂದ್ಕೊಂಡೆ, ಹಾಲಣ್ಣ ದಿನಾ ನೋಡಿ ಬರೆದಿದ್ದಾರೆ, ಆರೇ ಇದ್ದಿರಬೇಕು. ನನ್ನ ಚರ್ಮದಲ್ಲೇ ಏನೋ ಕೆಟ್ಟದ್ದಿದೆ ಅಂತ. ತಂಗಿ ಮಗೂನ ಎತ್ಕೊಳ್ಳೋದೂ ಬಿಟ್ಟಿದ್ದೀನಿ, ಅದಕ್ಕೂ ಅಂಟಿದ್ರೆ ಅಂತ. ಮೇಲ್ಮನವಿ ಹಾಕಿದ್ದು ನಮ್ಮ ತಂಗಿ ಹಟಕ್ಕೆ."

"ಅಂಟೋದಲ್ಲಕ್ಕಾ ಅದು," ಅಂದೆ. ಅಷ್ಟೇ ಬಂತು ಬಾಯಿಗೆ. ಇನ್ನೊಂದು ಮಾತು ಹೇಳಬೇಕಿತ್ತು.

ಬೋಲ್ಟ್ ತರುವುದು ಮರೆತೇ ಹೋಯಿತು.

ಜುಲೈ ೨, ಮಂಗಳವಾರ

ಹೆಂಡತಿಗೆ ಹೇಳಿದೆ. ಎಲ್ಲ ಹೇಳಿದೆ, ಹದಿಮೂರು, ಹರಿದ ಹಾಳೆ, ಹಲ್ಲಿನಿಂದ ಹರಿದ ಚೀಟಿ. ಪಾತ್ರೆ ಒರೆಸುತ್ತಾ ಕೇಳಿದಳು.

"ಈಗ ನನಗೆ ಯಾಕೆ ಹೇಳಿದ್ರಿ?"

"ಇನ್ಯಾರಿಗೆ ಹೇಳ್ಲಿ?"

"ಅಣ್ಣನ ವಿರುದ್ಧ ಹೇಳಿದ್ರೆ ನಾವು ಎಲ್ಲಿಗೆ ಹೋಗೋದು? ನಿಮಗೆ ಐವತ್ತನಾಲ್ಕು. ಬೆರಳಿಟ್ಟು ನೋಡೋದು ಬಿಟ್ರೆ ಬೇರೆ ಏನು ಬರುತ್ತೆ ನಿಮಗೆ?" ಅಂದವಳು ಕೈಯ ಪಾತ್ರೆ ಕೆಳಗಿಟ್ಟು, "ಅವನು ನನಗೆ ಅಪ್ಪ ಇದ್ದ ಹಾಗೆ ರೀ," ಅಂದಳು.

ಎರಡು ಕೋಣೆಯಲ್ಲಿ ಸಿಟ್ಟು ಮಾಡಿಕೊಂಡು ಹೋಗಿ ಕೂರಲು ಜಾಗವಿಲ್ಲ. ಅವಳು ಅಡುಗೆಮನೆಯಲ್ಲಿ, ನಾನು ಮೆಟ್ಟಿಲ ಮೇಲೆ. ಕೆಳಗೆ ಮೆಷಿನ್ ಓಡುತ್ತಿತ್ತು.

ಜುಲೈ ೫, ಶುಕ್ರವಾರ

ನಿನ್ನೆ ಸಂಜೆ ಭಾವ ಮೇಲೆ ಬಂದರು, ಅಪರೂಪಕ್ಕೆ. ಕೈಯಲ್ಲಿ ತಂಗಿಗೆ ಹಣ್ಣು. ಕೂತು, ಮಂಡಿ ಉಜ್ಜಿಕೊಂಡು, "ನಾನೂ ಮನುಷ್ಯನೇ," ಅಂದರು. "ಕೇಸು ಮುಗೀಲಿ. ಅವಳನ್ನ ನಾನೇ ಕರೆದು ಸ್ಟೋರಿನಲ್ಲಿ ಕೂರಿಸ್ತೀನಿ. ಒಣಗಿರೋ ಕೆಲಸ. ಕಾಯಿಲೆ ನಮ್ಮಿಂದ ಬಂತು ಅಂತ ಕಾಗದದಲ್ಲಿ ಬರಬಾರದು ಅಷ್ಟೆ."

ಎದೆಯ ಮೇಲಿನ ಕಲ್ಲು ಇಳಿಸಿದ ಹಾಗಾಯಿತು. ಯಾರಿಗೂ ನಷ್ಟವಿಲ್ಲದ ದಾರಿ.

"ಹಾಗಾದ್ರೆ ಎರಡು ವರ್ಷದ ಹಿಂದೆ ಅವಳು ಅದನ್ನೇ ಕೇಳಿದಾಗ ಯಾಕೆ ಕೊಡಲಿಲ್ಲ ಭಾವ?" ಅಂದೆ.

ಎದುರಿಸಬೇಕು ಅಂತ ಕೇಳಿದ್ದಲ್ಲ. ಸುಮ್ಮನೆ ಬಾಯಿಗೆ ಬಂತು. ಭಾವ ತಂಗಿಯನ್ನು ನೋಡಿದರು, ಚಪ್ಪಲಿ ಮೆಟ್ಟಿಕೊಂಡು ಇಳಿದು ಹೋದರು. ಅವಳು ಹಣ್ಣನ್ನು ತೊಳೆಯದೆ ಹಾಗೇ ಇಟ್ಟಳು. ಯಾಕೆ ಕೇಳಿದೆನೋ ನನಗೇ ಗೊತ್ತಿಲ್ಲ. ನಾನು ಮೊದಲಿನಿಂದಲೂ ಪುಕ್ಕಲ.

ಜುಲೈ ೯, ಮಂಗಳವಾರ

ಎಲ್ಲ ಆರು, ಏಳು. ಹನ್ನೊಂದು ತೊಟ್ಟಿಯೂ. ಎಂಟನೆಯದನ್ನು ಪೂರ್ತಿ ಖಾಲಿ ಮಾಡಿ ತಳ ಉಜ್ಜಿಸಿದೆ, ಒಳಗಿನಿಂದ ಎರಡು ಬಕೆಟ್ ಕೆಸರು ಬಂತು. ಕಂಪನಿಯವನು ಬಂದು ನೋಡಿ, "ನಮ್ಮ ಗಿರಾಕಿಗಳಲ್ಲಿ ಇಷ್ಟು ಚೆನ್ನಾಗಿ ಯಾರೂ ಇಟ್ಕೊಂಡಿಲ್ಲ ಸರ್," ಅಂದ.

ಈಗ ಅಧಿಕಾರಿಗಳೇ ಬಂದು ಅಳೆದರೂ ರಿಜಿಸ್ಟರಿನಲ್ಲಿ ಇರುವುದೇ ಇರುತ್ತದೆ. ಹೌದು ಅಂದರೆ ಆಯಿತು, ಒಂದೇ ಮಾತು. ಕನ್ನಡಿಯ ಮುಂದೆ ಅಂದು ನೋಡಿದೆ. ಚೆನ್ನಾಗಿಯೇ ಬರುತ್ತದೆ.

ಜುಲೈ ೧೨, ಶುಕ್ರವಾರ

ನಿನ್ನೆ ಆಯಿತು.

ಸಣ್ಣ ಕೋಣೆ. ಉದ್ದ ಮೇಜು, ಕಡತಗಳ ರಾಶಿ. ಅಧಿಕಾರಿ ಹೆಂಗಸು, ನೆಗಡಿಯಾಗಿ ಮೂಗು ಒರೆಸಿಕೊಳ್ಳುತ್ತಲೇ ಇದ್ದರು. ಭಾವ ಮತ್ತು ವಕೀಲರು ಒಂದು ಕಡೆ. ಅರದಕ್ಕ ಮತ್ತು ಅವಳ ತಂಗಿ ಇನ್ನೊಂದು ಕಡೆ. ಅವಳು ಕೈಗವಸಿನ ಕೈಗಳನ್ನು ಸೆರಗಿನಡಿ ಇಟ್ಟುಕೊಂಡಿದ್ದಳು.

ವಕೀಲರು ರಿಜಿಸ್ಟರ್ ತೋರಿಸಿ, "ಇದು ನಿಮ್ಮ ಕೈಬರಹವಾ?" ಅಂದರು.

"ಹೌದು."

"ಪ್ರತಿದಿನ ಅಳೀತಿದ್ರಾ?"

"ಹೌದು," ಅಂದೆ. ಅಂದೇಬಿಟ್ಟೆ. ಅವರು ತೃಪ್ತಿಯಿಂದ ಕೂತರು.

ಅಧಿಕಾರಿ ತಲೆ ಎತ್ತದೆ, ಬರೆಯುತ್ತಲೇ ಕೇಳಿದರು: "ಯಾವುದರಿಂದ ಅಳೀತಿದ್ರಿ?"

ಅದು ತಾಲೀಮಿನಲ್ಲಿ ಇರಲಿಲ್ಲ. ನಾನು ಬಲಗೈ ಎತ್ತಿದೆ. ತೋರುಬೆರಳನ್ನು ಹೆಬ್ಬೆರಳಿಗೆ ಉಜ್ಜಿ ತೋರಿಸಿದೆ. ಹಿಂದೆ ಯಾರೋ ನಕ್ಕರು. ಅಧಿಕಾರಿ ಈಗ ತಲೆ ಎತ್ತಿದರು.

"ಬೆರಳಿನಿಂದ?"

"ಅಳೆದಿಲ್ಲ ಮೇಡಂ. ಈಗ ಹೌದು ಅಂದೆ, ಅದು ಸುಳ್ಳು. ಹದಿನೆಂಟು ವರ್ಷ ಒಂದು ದಿನವೂ ಅಳೆದಿಲ್ಲ. ಆರು ಇರಬೇಕು ಅಂತ ಇತ್ತು, ಆರು ಅಂತ ಬರೆದೆ. ಹೋದ ತಿಂಗಳು ಮೊದಲ ಸಲ ಅಳೆದಾಗ ಅಕ್ಕ ಕೂರ್ತಿದ್ದ ಕಡೆ ಹದಿಮೂರಿತ್ತು. ತುಕ್ಕಿನ ಭಯಕ್ಕೆ ಗಟ್ಟಿ ಮಾಡಿದವನು ನಾನೇ. ಉರಿಯುತ್ತೆ ಅಂತ ಅವಳು ಹೇಳಿದ್ಲು. ನಾನು ತಮಾಷೆ ಮಾಡಿದೆ."

ವಕೀಲರು ಎದ್ದು ಏನೋ ಹೇಳಿದರು, ಕಿವಿಗೆ ಬೀಳಲಿಲ್ಲ. ಅಧಿಕಾರಿ ಎಲ್ಲವನ್ನೂ ಮತ್ತೊಮ್ಮೆ ಹೇಳಿಸಿ ಬರೆದುಕೊಂಡರು. ಸಹಿ ಹಾಕಿದೆ. ಹೊಸದಾಗಿ ವೈದ್ಯಕೀಯ ಪರೀಕ್ಷೆ ಮಾಡಿಸಿ, ಆಮೇಲೆ ಆದೇಶ ಅಂದರು.

ಹೊರಗೆ ಮೊಗಸಾಲೆಯಲ್ಲಿ ಅರದಕ್ಕ ನಿಂತಿದ್ದಳು. ಬೈಯುತ್ತಾಳೆ ಅಂದುಕೊಂಡೆ, ಬೈದಿದ್ದರೆ ನನಗೂ ಹಗುರವಾಗುತ್ತಿತ್ತು.

"ಹಾಗಾದ್ರೆ ನನ್ನ ಚರ್ಮ ಸರಿಯಾಗೇ ಇತ್ತು," ಅಂದಳು. ನನಗಲ್ಲ, ತಂಗಿಗೆ. ಆಮೇಲೆ ಗೋಡೆಗೆ ಒರಗಿ ಅತ್ತಳು. ಕೈಗವಸಿನಿಂದ ಕಣ್ಣು ಒರೆಸಿಕೊಳ್ಳಲು ಆಗಲಿಲ್ಲ, ತಂಗಿಯೇ ಒರೆಸಿದಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಭಾವ ಕಾರಿನಲ್ಲಿ ಹೋದರು. ನಾನು ನಡೆದು ಬಂದೆ.

ಜುಲೈ ೧೩, ಶನಿವಾರ

ತಿಂಗಳ ಕೊನೆಗೆ ಕೋಣೆ ಬಿಡಬೇಕು ಅಂತ ಭಾವ ಹೇಳಿ ಕಳಿಸಿದ್ದಾರೆ. ಕೆಲಸದ ಮಾತು ಎತ್ತಿಲ್ಲ. ನಿನ್ನೆ ಇಳಿದು ಹೋಗಿ ಹನ್ನೊಂದನ್ನೂ ಅಳೆದು ಬರೆದೆ. ಯಾರೂ ಮಾತಾಡಿಸಲಿಲ್ಲ. ಮನೆಯಲ್ಲೂ ಇಲ್ಲ. ಏನು ಸಾಧಿಸಿದೆ ನಾನು? ಅದೇ ಮೆಟ್ಟಿಲು, ಅದೇ ಕಿಟಕಿ.

ಜುಲೈ ೧೫, ಸೋಮವಾರ

ನಿನ್ನೆ ಬೆಳಿಗ್ಗೆ ಹೆಂಡತಿ ಬಚ್ಚಲಲ್ಲಿ ಬಟ್ಟೆ ನೆನೆಸುತ್ತಿದ್ದಳು. ಮೆಷಿನ್ ಒರೆಸುವ ಬಟ್ಟೆಗಳು. ವಾರಕ್ಕೊಂದು ಮೂಟೆ ಮೇಲೆ ಬರುತ್ತದೆ. ಅಣ್ಣನ ಕೆಲಸ ಅಂತ ನಾವು ಇಲ್ಲಿಗೆ ಬಂದಂದಿನಿಂದ ಅವಳೇ ಒಗೆಯುತ್ತಾಳೆ. ನಾನು ಅದನ್ನು ಮನೆಗೆಲಸದ ಲೆಕ್ಕದಲ್ಲಿ ಬಿಟ್ಟಿದ್ದೆ, ಬರೆಯಬೇಕು ಅಂತಲೂ ಅನ್ನಿಸಿರಲಿಲ್ಲ.

ಬಟ್ಟೆಯನ್ನು ಅಲ್ಲೇ ಬಿಟ್ಟು ನನ್ನ ಹತ್ತಿರ ಬಂದಳು. ರವಿಕೆಯ ಉದ್ದ ತೋಳನ್ನು ಮೊಣಕೈವರೆಗೆ ಸರಿಸಿ ಎರಡೂ ಕೈ ಮುಂದೆ ಹಿಡಿದಳು.

"ಸೋಪಿಗೆ ಹೀಗಾಗಿದೆ ಅಂದ್ಕೊಂಡಿದ್ದೆ," ಅಂದಳು. "ಸ್ವಲ್ಪ ನೋಡಿ ಹೇಳಿ."

ಬೆಳಕಿಗೆ ಕರೆದುಕೊಂಡು ಹೋಗಿ ನೋಡಿದೆ. ಮಣಿಕಟ್ಟಿನಿಂದ ಮೇಲಕ್ಕೆ ಚರ್ಮ ದಪ್ಪಗಾಗಿ, ಗೆರೆಗೆರೆಯಾಗಿ ಒಡೆದಿತ್ತು. ಕೆಲವು ಗೆರೆಗಳು ಹಳೆಯವು. ಎಷ್ಟು ಹಳೆಯವು ಅಂತ ಕೇಳುವ ಮುಖ ನನಗಿರಲಿಲ್ಲ.

"ಸೋಪಲ್ಲ," ಅಂದೆ.

ಅವಳು ತೋಳು ಇಳಿಸಿಕೊಂಡಳು. ನಿನ್ನೆಯಿಡೀ ಆ ಬಟ್ಟೆ ಮುಟ್ಟಲಿಲ್ಲ. ಇವತ್ತು ನಾನು ಇದನ್ನು ಬರೆಯಲು ಕೂತಾಗ ಬಚ್ಚಲಿಗೆ ಹೋಗಿ ಆ ಬಟ್ಟೆಗಳನ್ನೆಲ್ಲ ಬಕೆಟ್ಟಿಗೆ ತುಂಬಿದಳು, ಹಿಂಡದೆ, ನೀರು ಸೋರುತ್ತಿದ್ದ ಹಾಗೇ.

"ಅಣ್ಣ ಬಂದಿದ್ದಾನಾ?" ಅಂದಳು.

ಕಿಟಕಿಯಿಂದ ನೋಡಿ, "ಬಂದಿದ್ದಾರೆ," ಅಂದೆ. "ಇರು, ನಾನೂ ಬರ್ತೀನಿ."

"ಬೇಡ. ನೀವು ಹೇಳೋದು ಹೇಳಿ ಆಯ್ತಲ್ಲ. ಇದು ನನ್ನದು."

ತೋಳುಗಳನ್ನು ಮತ್ತೆ ಮೇಲಕ್ಕೆ ಸರಿಸಿಕೊಂಡು, ಬಕೆಟ್ ಎತ್ತಿಕೊಂಡು ಬಾಗಿಲು ದಾಟಿದಳು. ಅವಳು ಒಂದೊಂದೇ ಮೆಟ್ಟಿಲು ಇಳಿಯುವ ಸದ್ದು ಕೇಳುತ್ತಿದೆ. ಸೈರನ್ ಆಯಿತು. ಕೆಳಗೆ ಒಂದು ಮೆಷಿನ್ನೂ ಇನ್ನೂ ಶುರುವಾಗಿಲ್ಲ.